ವಿಮಾನದ ಒರಳು

ಆ ಶುಕ್ರವಾರ ಶಿಡ್ಲಘಟ್ಟದ ನಮ್ಮ ಮನೆಯ ಹಿತ್ತಿಲಲ್ಲಿ ಯಾರು ಯಾರು ಇದ್ದರು ಅಂತ ಕೇಳಿ, ಈಗಲೂ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಬಾವಿಕಟ್ಟೆಯ ಮೇಲೆ ಪೂಜೆಯ ತಟ್ಟೆ ಹಿಡಿದುಕೊಂಡು ನಮ್ಮತ್ತೆ ಕೂತಿದ್ದರು. ಅವರ ಹಿರೀಮಗ, ಅಂದರೆ ನನ್ನ ಭಾವ ಮುನಿಕೃಷ್ಣಪ್ಪ, ಖಾಕಿ ಚಡ್ಡಿ ಹಾಕಿಕೊಂಡು ಒಂದು ಕಬ್ಬಿಣದ ಚೌಕಟ್ಟಿಗೆ ಪ್ರದಕ್ಷಿಣೆ ಬರುತ್ತಿದ್ದರು. ಅವರ ಹೆಂಡತಿ ಸರೋಜಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಲಾರಿ ಜಾಕಿನ ಹಿಡಿಗೆ ಕೈಹಾಕಿ ನಿಂತಿದ್ದಳು. ಬಸ್‌ಸ್ಟ್ಯಾಂಡಿನ ಹತ್ತಿರ ಲಾರಿ ರಿಪೇರಿ ಮಾಡುವ ಬಾಷಾ ನೆಲಕ್ಕೆ ಕೆನ್ನೆ ತಾಗಿಸಿ, ಎಣ್ಣೆ ಇನ್ನೂ ಎಲ್ಲಾದರೂ ಸೋರುತ್ತಿದೆಯೇ ಅಂತ ನೋಡುತ್ತಿದ್ದ. ಮಿಡ್ಲ್‌ಸ್ಕೂಲ್ ಮೇಷ್ಟರಾದ ನಮ್ಮ ಯಜಮಾನರು, ತಮಗೆಲ್ಲ ಅರ್ಥವಾಗಿದೆ ಅನ್ನುವ ಮುಖ ಮಾಡಿಕೊಂಡು ನುಗ್ಗೆಮರಕ್ಕೆ ಒರಗಿದ್ದರು. ನಾನು ಅಡಿಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಸೌಟು.

ಅಲ್ಲಿ ಏನು ನಡೆಯುತ್ತಿತ್ತು ಅಂತ ಕೇಳಿದರೆ ಮಾತ್ರ ತಡವರಿಸುತ್ತೇನೆ. ಆವತ್ತು ಏನೂ ತಿಳಿಯಲಿಲ್ಲ. ಈವತ್ತು ಸ್ವಲ್ಪ ತಿಳಿದಿದೆ, ಅದೂ ಸರಿಯೋ ತಪ್ಪೋ ಗೊತ್ತಿಲ್ಲ.

ಈಗ ಇದೆಲ್ಲ ನೆನಪಾಗಿದ್ದಕ್ಕೆ ಕಾರಣ ನಮ್ಮ ಮೊಸರಿನ ಕುಡಿಕೆ. ಅದರ ಮೇಲೆ ನಾನು ಮುಚ್ಚುವ ಅಲ್ಯೂಮಿನಿಯಂ ತಗಡನ್ನು ಮೊನ್ನೆ ಪಕ್ಕದ ಮನೆಯಾಕೆ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಒಂದು ಕಡೆ ಗುಂಡಗೆ, ಒಂದು ಕಡೆ ಚಪ್ಪಟೆ, ಸುತ್ತ ಬೆರಳಗಲದ ಅಂಚು ಮಡಿಸಿದೆ. ನಟ್ಟನಡುವೆ ಅರಿಶಿನದ ಕೊಂಬೊಂದು ತಗಡಿನ ಕೆಳಗೆ ಮಲಗಿ ಮುಸುಕು ಹೊದ್ದುಕೊಂಡ ಹಾಗೆ ಉಬ್ಬಿದೆ. ಗಂಟುಗಳೆಲ್ಲ ಹಾಗೆಯೇ ಕಾಣಿಸುತ್ತವೆ.

"ಇದು ಯಾವ ಪಾತ್ರೆದು ಮುಚ್ಚಳ?" ಅಂದರು.

"ಪಾತ್ರೆದಲ್ಲ, ವಿಮಾನದ್ದು" ಅಂದೆ.

ಅವರು ತಗಡನ್ನು ಮೆಲ್ಲಗೆ ಕುಡಿಕೆಯ ಮೇಲಿಟ್ಟು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಅಂತ ಹೊರಟುಹೋದರು. ನನ್ನ ವಯಸ್ಸಿನವರು ಇಂಥ ಮಾತಾಡಿದರೆ ಜನ ವಾದಿಸುವುದಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಪೇರೇಸಂದ್ರದಿಂದ ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಭಾವ ಬೆಂಗಳೂರಿನಲ್ಲಿ ಸಣ್ಣ ವಿಮಾನಗಳನ್ನು ರಿಪೇರಿ ಮಾಡುವ ಶೆಡ್ಡೊಂದರಲ್ಲಿ ತಗಡು ಬಡಿಯುತ್ತಿದ್ದರು. ಶೆಡ್ಡು ಮುಚ್ಚಿತು. ಅವರು ಹೆಂಡತಿಯನ್ನೂ ಒಂದು ಪೆಟ್ಟಿಗೆ ತುಂಬ ಸುತ್ತಿಗೆಗಳನ್ನೂ ಕರೆದುಕೊಂಡು ಊರಿಗೆ ಬಂದರು. ಗೌರಿಬಿದನೂರಿನಲ್ಲಿ ಸರೋಜಕ್ಕನ ಅಪ್ಪನದು ಬಟ್ಟೆ ಅಂಗಡಿ. "ಬಂದು ಗಲ್ಲಾ ಮೇಲೆ ಕೂತ್ಕೊಳಪ್ಪ, ಸುತ್ತಿಗೆ ಹಿಡಿದು ಕಿವುಡಾಗಿದ್ದು ಸಾಕು" ಅಂತ ಅವರು ಕರೆದಿದ್ದರು. ಭಾವ ಯುಗಾದಿವರೆಗೆ ಸಮಯ ಕೇಳಿದ್ದರು. ಏಕೆಂದರೆ ವಿಮಾನ ಹಾರಿಸುವ ಕ್ಲಬ್ಬೊಂದರವರು ತಾವು ಕಟ್ಟಿಸುತ್ತಿರುವ ಪುಟ್ಟ ವಿಮಾನದ ರೆಕ್ಕೆಯೊಳಗಿನ ಪಕ್ಕೆಲುಬುಗಳನ್ನು ಮಾಡುವವರನ್ನು ಹುಡುಕುತ್ತಿದ್ದರು. ಒಂದು ಮಾದರಿ ಮಾಡಿ ತೋರಿಸು, ಒಪ್ಪಿಗೆಯಾದರೆ ಎಲ್ಲ ಕೆಲಸವೂ ನಿನ್ನದೇ ಅಂದಿದ್ದರಂತೆ. ಒಪ್ಪಿಗೆಯಾದರೆ ಶಿಡ್ಲಘಟ್ಟ, ಆಗದಿದ್ದರೆ ಗೌರಿಬಿದನೂರು.

ನನ್ನ ಸಂಕಟ ಬೇರೆ. ಆ ಮನೆಯಲ್ಲಿ ನನಗೆ ಬಾಯಿತುಂಬ ಮಾತಾಡಲು ಸಿಕ್ಕಿದ್ದವಳು ಸರೋಜಕ್ಕ ಒಬ್ಬಳೇ. ಹಾಗಾಗಿ ಭಾವನ ಯಂತ್ರ ಗೆಲ್ಲಲಿ ಅಂತ ನಾನು ದಿನಾ ದೇವರಿಗೆ ದೀಪ ಹಚ್ಚುವಾಗ ಕೇಳಿಕೊಳ್ಳುತ್ತಿದ್ದೆ. ಆದರೆ ಅವಳಿಗೆ ತವರೂರಿಗೆ ಹೋಗುವ ಆಸೆ ಇದ್ದರೆ? ನನ್ನ ದೀಪ ಅವಳ ಆಸೆಗೆ ಅಡ್ಡವಾಗುವುದಿಲ್ಲವೇ? ಒಂದು ದಿನ ಸಾರಿಗೆ ಒಗ್ಗರಣೆ ಹಾಕುವಾಗ ಕೇಳಿಯೇಬಿಟ್ಟೆ.

"ಅಕ್ಕಾ, ನಿಂಗೆ ಗೌರಿಬಿದನೂರಿಗೆ ಹೋಗೋಕೆ ಇಷ್ಟಾನಾ?"

"ಉಪ್ಪು ಹಾಕಿದ್ಯಾ ನೋಡು" ಅಂದಳು.

ಇದರಿಂದ ನೀವು ಏನು ಅರ್ಥ ಮಾಡಿಕೊಳ್ಳುತ್ತೀರೋ ನನಗೆ ಗೊತ್ತಿಲ್ಲ. ನಾನು ಉಪ್ಪು ಹಾಕಿದೆ. ಅವಳು ಆಗಲೇ ಹಾಕಿದ್ದಳು ಅಂತ ಊಟಕ್ಕೆ ಕೂತಾಗ ತಿಳಿಯಿತು.

ಹಿತ್ತಿಲಿಗೆ ಸಾಮಾನು ಬರತೊಡಗಿತು. ಚಿಕ್ಕಬಳ್ಳಾಪುರದ ಗುಜರಿಯಿಂದ ಎತ್ತಿನಗಾಡಿಯಲ್ಲಿ ಹಳೇ ರೈಲುಕಂಬಿಯ ತುಂಡುಗಳು ಬಂದವು. ಚಿಂತಾಮಣಿಯ ಲಾರಿಯವನೊಬ್ಬ ಬೇಡವೆಂದು ಬಿಟ್ಟ ಜಾಕನ್ನು ಬಾಷಾ ಹೊತ್ತು ತಂದ. ತೂತುಬಿದ್ದ ಲಾರಿ ಟ್ಯೂಬುಗಳನ್ನು ರಾಶಿಗಟ್ಟಲೆ ತಂದವನೂ ಅವನೇ. ನಮ್ಮದು ರೇಷ್ಮೆ ಬಿಚ್ಚುವವರ ಬೀದಿ. ಬೆಂದ ಗೂಡಿನ ವಾಸನೆಗೆ ಮೂಗು ಒಗ್ಗಿಹೋಗಿದ್ದ ಜನಕ್ಕೆ ಹಳೇ ರಬ್ಬರಿನ ವಾಸನೆ ಹೊಸದು. ಹಿಂದುಗಡೆ ಮನೆಯ ರಂಗಪ್ಪ ದಿನಾ ಗೋಡೆಯ ಮೇಲಿಂದ ಇಣುಕುತ್ತಿದ್ದ.

"ಅಲ್ಲ ಮುನಿಕೃಷ್ಣಪ್ಪ, ವಿಮಾನ ರೆಡಿ ಆದ್ಮೇಲೆ ಆಚೆ ಹೆಂಗೆ ತೆಗೀತೀಯ? ಬಾಗ್ಲು ಸಾಲದಲ್ಲ. ಗೋಡೆ ಒಡೀತೀಯ ಅಂದ್ರೆ ಮೊದ್ಲೇ ಹೇಳ್ಬಿಡು, ನಮ್ಮ ಹಸು ಆ ಕಡೆ ಕಟ್ಟಿರ್ತೀನಿ."

"ವಿಮಾನ ಮಾಡಲ್ಲಪ್ಪ, ಅದರದೊಂದು ಚೂರು ಮಾಡ್ತೀನಿ."

"ಚೂರು ಹಾರ್ತದಾ?"

ನಮ್ಮತ್ತೆಗೂ ಇದೇ ಗೊಂದಲ. ಅವರು ಚಿಂತಾಮಣಿ ಕಡೆಯವರು. ಬೇಜಾರಾದರೆ, ಬೆರಗಾದರೆ ತೆಲುಗು ಬರುತ್ತಿತ್ತು. ಭಾವ ಅವರನ್ನು ಕೂರಿಸಿಕೊಂಡು, ಅವರಿಗೆ ಗೊತ್ತಿರುವುದರಿಂದಲೇ ಹೇಳಿಕೊಟ್ಟರೆ ತಿಳಿದೀತು ಅಂತ ಶುರುಮಾಡಿದರು.

"ಅಮ್ಮಾ, ಶಾವಿಗೆ ಒರಳು ಗೊತ್ತಲ್ಲ. ಮೇಲಿಂದ ಒತ್ತಿದ್ರೆ ಹಿಟ್ಟು ಕೆಳಗೆ ಬರ್ತದೆ. ಇದೂ ಅಂಥದ್ದೇ ಒಂದು ಒರಳು ಅಂತಿಟ್ಕೊ. ಆದ್ರೆ ಇದು ಕೆಳಗಿಂದ ಮೇಲಕ್ಕೆ ಒತ್ತುತ್ತೆ. ಹಿಟ್ಟಿನ ಬದ್ಲು ತಗಡು."

"ತೂತೆಲ್ಲಿ?"

"ತೂತಿಲ್ಲ."

"ತೂತಿಲ್ದೆ ಶಾವಿಗೆ ಎಂಗೋ ಬರ್ತದೆ?"

"ಶಾವಿಗೆ ಬರಲ್ಲಮ್ಮ, ಪಕ್ಕೆಲುಬು ಬರ್ತದೆ."

ಅತ್ತೆ ನನ್ನ ಕಡೆ ತಿರುಗಿ, "ಏಮಿ ಚೆಪ್ತಾಡೇ ವೀಡು" ಅಂದರು, ಏನು ಹೇಳ್ತಾನೇ ಇವನು ಅಂತ. ನನಗೂ ಗೊತ್ತಿರಲಿಲ್ಲ. ಆದರೆ ಒರಳು ಅನ್ನುವ ಮಾತು ಅವರ ತಲೆಯಲ್ಲಿ ಕೂತುಬಿಟ್ಟಿತು. ಮುಂದಿನದೆಲ್ಲ ಆ ಮಾತಿನಿಂದಲೇ ಆಗಿದ್ದು.

ಶಾವಿಗೆ ಒರಳೆಂದರೆ ನನಗೂ ಹಳೇ ಲೆಕ್ಕವೊಂದಿದೆ. ಪೇರೇಸಂದ್ರದ ನಮ್ಮ ಮನೆಯಲ್ಲಿ ಮರದ ದೊಡ್ಡ ಒರಳಿತ್ತು. ಅದರ ಉದ್ದನೆಯ ತೊಲೆಯ ತುದಿಗೆ ಮಕ್ಕಳು ಜೋತುಬಿದ್ದು ಭಾರ ಹಾಕಬೇಕು. ಬೆಂದ ಹಿಟ್ಟಿನ ಮುದ್ದೆಯ ಆವಿ, ಬಾಳೆ ಎಲೆ, ಕಾಯಿಹಾಲು ಕುದಿಯುವ ಪರಿಮಳ. ನನ್ನ ತಂಗಿಯರು ಜೋತುಬಿದ್ದರೆ ತೊಲೆ ಇಳಿದು ಶಾವಿಗೆ ಎಳೆಎಳೆಯಾಗಿ ಬರುತ್ತಿತ್ತು. ನಾನು ಜೋತುಬಿದ್ದರೆ ತೊಲೆ ಅಲ್ಲೇ ನಿಲ್ಲುತ್ತಿತ್ತು, ನಾನು ಬಾವಲಿಯ ಹಾಗೆ ತೂಗಾಡುತ್ತಿದ್ದೆ. "ಇವಳ ಮೈಯಲ್ಲಿ ಗಾಳಿ ಬಿಟ್ರೆ ಇನ್ನೇನಿಲ್ಲ" ಅನ್ನುತ್ತಿದ್ದರು ನಮ್ಮಜ್ಜಿ. ಹಾಗಾಗಿ ಭಾವ ಜಾಕಿನ ಹಿಡಿಯನ್ನು ಒಬ್ಬೊಬ್ಬರಿಗೂ ಕೊಟ್ಟು ನೋಡಿದ ದಿನ ನಾನು ಮೊದಲೇ ಸೋತಿದ್ದೆ. ನಮ್ಮ ಯಜಮಾನರು ನಾಲ್ಕು ಸಲ ಜಗ್ಗಿ, ಸ್ಕೂಲಿಗೆ ಹೊತ್ತಾಯಿತು ಅಂದರು. ಅವತ್ತು ಭಾನುವಾರ. ಬಾಷಾ ಒತ್ತಿದರೆ ಒಮ್ಮೆ ಜೋರು, ಒಮ್ಮೆ ಮೆತ್ತಗೆ, ತಗಡು ಸುಕ್ಕುಗಟ್ಟುತ್ತದೆ ಅಂದರು ಭಾವ. ಆಗ ಸರೋಜಕ್ಕ ರುಬ್ಬುತ್ತಿದ್ದ ಕೈ ತೊಳೆದುಕೊಂಡು ಬಂದು ಹಿಡಿ ಹಿಡಿದಳು. ರಾಗಿ ಬೀಸುವವರ ಕೈಯಲ್ಲಿ ಕಲ್ಲು ತಿರುಗುತ್ತದಲ್ಲ, ಅದೇ ಲಯದಲ್ಲಿ ಹಿಡಿ ಏರಿತು, ಇಳಿಯಿತು. ಭಾವ ಬಾಯಿ ತೆರೆದುಕೊಂಡು ನೋಡಿದರು. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಹೆಂಡತಿಯನ್ನು ಅವತ್ತೇ ಮೊದಲು ನೋಡಿದ ಹಾಗಿತ್ತು.

"ನಿಂಗೆ ಇದು ಬರ್ತದೆ ಅಂತ ಯಾಕೆ ಹೇಳ್ಲಿಲ್ಲ?"

"ಕೇಳಿದ್ರಾ?" ಅಂದಳು.

ಯಂತ್ರ ನಿಂತಿದ್ದು ಹೀಗೆ. ಎರಡು ರೈಲುಕಂಬಿಗಳ ನಡುವೆ ಕೆಳಗೆ ಜಾಕು. ಅದರ ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಪಕ್ಕೆಲುಬಿನ ಆಕಾರಕ್ಕೆ ಕೆತ್ತಿದ ಹುಣಸೆಮರದ ಅಚ್ಚು. ಮೇಲುಗಡೆ ಒಂದು ಕಬ್ಬಿಣದ ಪೆಟ್ಟಿಗೆ ಬೋರಲು ಬಿದ್ದಿದೆ, ಅದರೊಳಗೆ ಟ್ಯೂಬಿನ ರಬ್ಬರನ್ನು ಪದರಪದರವಾಗಿ ತುರುಕಿದೆ. ಅಚ್ಚಿನ ಮೇಲೆ ತಗಡಿಟ್ಟು ಜಾಕು ಒತ್ತಿದರೆ ಅಚ್ಚು ಮೇಲೇರಿ ರಬ್ಬರಿಗೆ ಸಿಕ್ಕಿಕೊಳ್ಳುತ್ತದೆ. ರಬ್ಬರು ತಗಡನ್ನು ಅಚ್ಚಿನ ಸುತ್ತ ಅಮುಕುತ್ತದೆ. ಇಷ್ಟೇ. ಇಷ್ಟನ್ನು ಅರ್ಥಮಾಡಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ಜಾಕಿನೊಳಗಿನ ಚರ್ಮದ ವಾಷರು ಒಣಗಿ ಎಣ್ಣೆ ಸೋರುತ್ತಿತ್ತು. ಬಾಷಾ ಹೊಸ ಚರ್ಮ ಕತ್ತರಿಸಿ ಹಾಕಿದ. "ಇದಕ್ಕೆ ಹರಳೆಣ್ಣೆ ಕುಡಿಸ್ಬೇಕು ಸ್ವಾಮಿ, ಚರ್ಮ ಮೆತ್ತಗಾಗ್ತದೆ" ಅಂದ. ಭಾವ ಒಳಗೆ ಹೋಗಿ ಅತ್ತೆಯ ಶೀಸೆ ತಂದು ಪೂರ್ತಿ ಸುರಿದರು.

"ನನ್ನ ಹೊಟ್ಟೆಗೆ ಅಂತ ಇಟ್ಟಿದ್ದು ಇದರ ಹೊಟ್ಟೆಗೆ ಹೋಯ್ತು" ಅಂದರು ಅತ್ತೆ. "ಇನ್ಮೇಲೆ ಇದಕ್ಕೇ ಬೇದಿ ಆಗ್ಲಿ."

ಈಗ ಆ ಶುಕ್ರವಾರಕ್ಕೆ ಬರೋಣ. ಮೊದಲ ಸಲ ಒತ್ತುವ ದಿನ. ಭಾವ ತಗಡನ್ನು ಕತ್ತರಿಸಿ ಅಚ್ಚಿನ ಮೇಲಿಟ್ಟು, ಕೈ ತೊಳೆಯಲು ಬಾವಿಯ ಹತ್ತಿರ ಹೋದರು. ಹೊಸ ಒರಳನ್ನು ಮೊದಲು ಬಳಸುವಾಗ ಅರಿಶಿನದ ಕೊಂಬು ಕಟ್ಟಬೇಕಲ್ಲ. ಅತ್ತೆ ಅರಿಶಿನದ ದಾರಕ್ಕೆ ಕೊಂಬು ಕಟ್ಟಿಕೊಂಡು ಬಂದಿದ್ದರು. ಕುಂಕುಮವಿಟ್ಟು, ಕಂಬಿಗೆ ಕಟ್ಟಲು ನೋಡಿದರು. ಹರಳೆಣ್ಣೆ ಬಳಿದುಹೋಗಿದ್ದ ಕಂಬಿಯಲ್ಲಿ ದಾರ ನಿಲ್ಲದೆ ಜಾರಿತು. ಇನ್ನೊಮ್ಮೆ ಕಟ್ಟಿದರು, ಇನ್ನೊಮ್ಮೆ ಜಾರಿತು. ಆಗ ಅವರು ದಾರ ಬಿಚ್ಚಿ, ತಗಡಿನ ಅಂಚನ್ನು ಎತ್ತಿ, ಕೊಂಬನ್ನು ಅದರಡಿಗೆ ತಳ್ಳಿದರು. "ಆಚೆ ಇದ್ರೇನು, ಒಳಗಿದ್ರೇನು" ಅಂದರು.

ಇದನ್ನು ನಾವೆಲ್ಲ ನೋಡಿದೆವು. ಬಾಷಾ ನೆಲದಿಂದ ನೋಡಿದ, ನಮ್ಮ ಯಜಮಾನರು ನುಗ್ಗೆಮರದಿಂದ ನೋಡಿದರು. ಇದೂ ಯಂತ್ರದ ಒಂದು ಭಾಗವಿರಬೇಕು ಅಂತ ನಾನಂದುಕೊಂಡೆ. ಪೂಜೆಯ ವಿಷಯ ತನಗೇಕೆ ಅಂತ ಬಾಷಾ ಸುಮ್ಮನಿದ್ದನಂತೆ. ನಮ್ಮ ಯಜಮಾನರಿಗೆ ಏನನ್ನಿಸಿತು ಅಂತ ಅವರು ಯಾವತ್ತೂ ಹೇಳಲಿಲ್ಲ.

ಭಾವ ಬಂದರು. "ಹೂಂ" ಅಂದರು. ಸರೋಜಕ್ಕ ಒತ್ತಿದಳು. ಕಂಬಿ ಕಿರುಗುಟ್ಟಿತು, ರಬ್ಬರು ನರಳಿತು, ನುಗ್ಗೆಮರದ ಮೇಲಿದ್ದ ಕಾಗೆ ಎದ್ದುಹೋಯಿತು. ಇನ್ನು ಹಿಡಿ ಇಳಿಯುವುದಿಲ್ಲ ಅನ್ನುವವರೆಗೂ ಒತ್ತಿದಳು. ಜಾಕು ಇಳಿಸಿ ತಗಡು ತೆಗೆದರೆ ಅಂಚೆಲ್ಲ ಅಂದವಾಗಿ ಮಡಿಸಿದೆ. ನಡುವೆ ಕೊಂಬು.

ಭಾವ ತಗಡನ್ನು ಹಿಡಿದುಕೊಂಡು ಬಾವಿಕಟ್ಟೆಯ ಮೇಲೆ ಕುಸಿದರು.

"ಅಮ್ಮಾ, ಏನಿದು?"

"ಕೊಂಬು."

"ಕೊಂಬು ಇಲ್ಲಿ ಯಾಕೆ ಬಂತು?"

"ಒರಳಿಗೆ ಕಟ್ಟದೆ ಇನ್ನೇನು ನಿನ್ನ ಕತ್ತಿಗೆ ಕಟ್ಲಾ? ಒರಳು ಅಂದಿದ್ದು ನೀನೇ ಕಣೋ."

ಭಾವನಿಗೆ ಕೋಪ ಮಾಡಿಕೊಳ್ಳಬೇಕೋ ಸಂತೋಷಪಡಬೇಕೋ ತಿಳಿಯಲಿಲ್ಲ. ತಗಡು ಹಾಳಾಗಿತ್ತು. ಆದರೆ ಬಾಷಾ ಅದನ್ನು ಬೆಳಕಿಗೆ ಹಿಡಿದು, "ಸ್ವಾಮಿ, ಕೊಂಬಿನ ಗಂಟು ಗಂಟೂ ಎದ್ದೈತೆ. ನಮ್ಮ ಜಾಕಿಗೆ ದಮ್ಮೈತೆ" ಅಂದ. ಭಾವ ಇನ್ನೊಂದು ತಗಡು ಕತ್ತರಿಸಿದರು. ಈ ಸಲ ತಾಯಿಯ ಎರಡೂ ಕೈಗಳನ್ನು ಹಿಡಿದುಕೊಂಡು ನಿಂತು, ಹೆಂಡತಿಗೆ "ಒತ್ತು" ಅಂದರು. ಕನ್ನಡಿಯ ಹಾಗೆ ನುಣ್ಣಗಿನ ಪಕ್ಕೆಲುಬು ಬಂತು. ಕೊಂಬಿನದನ್ನು ಎಸೆಯಲು ಹೋದಾಗ ಅತ್ತೆ ಕಿತ್ತುಕೊಂಡು, ಪೂಜೆಯಾದದ್ದು ಅಂತ ದೇವರಗೂಡಿನಲ್ಲಿಟ್ಟರು.

ಹಬ್ಬ ಹತ್ತಿರವಾದಾಗ ಕ್ಲಬ್ಬಿನವರು ಜೀಪಿನಲ್ಲಿ ಬಂದರು. ದಪ್ಪ ಕನ್ನಡಕದ ಮನುಷ್ಯ, ಮಾತು ಕಡಿಮೆ. ಅಳತೆಗೋಲು ಹಿಡಿದು ನುಣ್ಣಗಿನ ಪಕ್ಕೆಲುಬನ್ನು ಅಳೆದರು. ತಲೆ ಆಡಿಸಿದರು. ನನಗೆ ಜೀವ ಬಂತು. ಆಮೇಲೆ ಅದರ ನಡುವೆ ಹೆಬ್ಬೆರಳಿಟ್ಟು ಅಮುಕಿದರು. ಟಕ್ ಅಂತ ಒಳಗೆ ಹೋಯಿತು. ಬಿಟ್ಟರು, ಟಕ್ ಅಂತ ಆಚೆ ಬಂತು. ಔಷಧಿ ಡಬ್ಬಿಯ ಮುಚ್ಚಳದ ಹಾಗೆ.

"ಅಳತೆ ಸರಿಯಾಗಿದೆ. ಆದರೆ ಹೀಗೆ ಟಕಟಕ ಅಂದರೆ ಗಾಳಿಯಲ್ಲಿ ನಿಲ್ಲೋದಿಲ್ಲ ಮುನಿಕೃಷ್ಣಪ್ಪನವರೇ" ಅಂದರು.

ಭಾವನ ಮುಖ ನೋಡಲಾಗಲಿಲ್ಲ. ಆಗ ಅತ್ತೆ ಎದ್ದು ಹೋಗಿ ದೇವರಗೂಡಿನಿಂದ ಕೊಂಬಿನ ತಗಡನ್ನು ತಂದು ಅವರ ಮುಂದೆ ಹಿಡಿದರು. "ಇದ್ನೂ ಒಂದ್ ದಪ ನೋಡಪ್ಪ. ಮೊದ್ಲು ಹುಟ್ಟಿದ್ದು ಇದೇ."

ಅವರು ನೋಡಿದರು. ಕನ್ನಡಕ ತೆಗೆದು ನೋಡಿದರು. ಹೆಬ್ಬೆರಳಿಟ್ಟು ಅಮುಕಿದರು. ಅದು ಅಲ್ಲಾಡಲಿಲ್ಲ. ಎರಡೂ ಹೆಬ್ಬೆರಳಿಟ್ಟು ಅಮುಕಿದರು.

"ಈ ಉಬ್ಬು ಯಾವ ನಕ್ಷೆಯಲ್ಲಿತ್ತು?"

"ಅದು ಅರಿಶಿನದ ಕೊಂಬು ಸಾರ್" ಅಂದರು ಭಾವ. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ.

"ಅಂದರೆ?"

ಅಂದರೆ ಏನು ಅಂತ ಅತ್ತೆ ವಿವರಿಸಿದರು. ಒರಳು, ದಾರ, ಹರಳೆಣ್ಣೆ, ತಮ್ಮ ಹೊಟ್ಟೆ, ಎಲ್ಲವನ್ನೂ, ಅರ್ಧ ತೆಲುಗಿನಲ್ಲಿ. ಆ ಮನುಷ್ಯ ನಗಲೂ ಇಲ್ಲ, ಗದರಲೂ ಇಲ್ಲ. "ಇದು ತಪ್ಪು. ಆದರೆ ಇದು ಬಗ್ಗೋದಿಲ್ಲ. ಅದು ಸರಿ. ಆದರೆ ಅದು ಬಗ್ಗುತ್ತೆ" ಅಂದರು. ಆಮೇಲೆ, "ಆ ಕೊಂಬು ಇದೆಯಾ?" ಅಂತ ಕೇಳಿದರು. ಅತ್ತೆ ತಂದುಕೊಟ್ಟರು. ಅವರು ಅದನ್ನು ಪ್ಯಾಂಟಿನ ಜೇಬಿಗೆ ಹಾಕಲು ಹೋದಾಗ, "ಅಲ್ಲಿ ಬೇಡಪ್ಪ, ಅಂಗಿ ಜೇಬಲ್ಲಿ ಇಟ್ಕೊ" ಅಂದರು ಅತ್ತೆ. ಅವರು ಹಾಗೆಯೇ ಮಾಡಿ, ನುಣ್ಣಗಿನ ಪಕ್ಕೆಲುಬನ್ನೂ ತೆಗೆದುಕೊಂಡು ಜೀಪು ಹತ್ತಿದರು.

ಒಪ್ಪಿಗೆಯಾಯಿತೋ ಇಲ್ಲವೋ ಅಂತ ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಎಲ್ಲರೂ ಒಬ್ಬರನ್ನೊಬ್ಬರು ಕೇಳಿದೆವು.

"ಆಗಿದೆ ಅನ್ಸುತ್ತೆ" ಅಂದರು ನಮ್ಮ ಯಜಮಾನರು.

"ಆಗಿಲ್ಲ" ಅಂದರು ಭಾವ.

"ಕೊಂಬು ತಗೊಂಡೋದವ್ರು ಅಂಗೇ ಕೈ ಬಿಡಲ್ಲ" ಅಂದರು ಅತ್ತೆ.

ಯುಗಾದಿ ಬಂತು, ಹೋಯಿತು. ಕ್ಲಬ್ಬಿನಿಂದ ಸುದ್ದಿಯಿಲ್ಲ. ಭಾವ ಕೊಟ್ಟ ಮಾತಿಗೆ ತಪ್ಪುವವರಲ್ಲ. ಸುತ್ತಿಗೆಗಳು ಪೆಟ್ಟಿಗೆ ಸೇರಿದವು. ಸರೋಜಕ್ಕನ ಸೀರೆಗಳನ್ನು ನಾನೇ ಮಡಿಸಿ ಟ್ರಂಕಿಗೆ ತುಂಬಿದೆ. ನಾನು ಒಂದು ಸೀರೆ ಇಟ್ಟರೆ ಅವಳು ಒಂದನ್ನು ತೆಗೆದು, ಇದು ಇಲ್ಲೇ ಇರಲಿ ಅನ್ನುತ್ತಿದ್ದಳು. ನನಗೆ ಕೊಡುತ್ತಿದ್ದಾಳೋ, ವಾಪಸ್ಸು ಬರುತ್ತೇನೆ ಅನ್ನುತ್ತಿದ್ದಾಳೋ, ಅಥವಾ ಆ ಸೀರೆ ಹಳೆಯದಾಯಿತು ಅಂತಲೋ, ಒಂದೂ ತಿಳಿಯಲಿಲ್ಲ. ಕೇಳಿದರೆ ಉಪ್ಪಿನ ಮಾತೆತ್ತುತ್ತಾಳೆ ಅಂತ ಮುಂದಿನ ಸೀರೆ ಮಡಿಸಿದೆ.

ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ಹೋಗಲು ಜಟಕಾ ಬಾಗಿಲಿಗೆ ಬಂದಿತ್ತು. ಟ್ರಂಕು ಏರಿತ್ತು. ಭಾವ ಕೊನೆಯದಾಗಿ ಹಿತ್ತಿಲಿಗೆ ಹೋಗಿ ಯಂತ್ರದ ಮೇಲೆ ಗೋಣಿ ಹೊದಿಸಿ ಬಂದರು. ಆ ಹೊತ್ತಿಗೆ ಸರಿಯಾಗಿ ವ್ಯಾನೊಂದು ಬಂದು ಜಟಕಾದ ಹಿಂದೆ ನಿಂತು ಹಾರನ್ ಹೊಡೆಯಿತು. ಡ್ರೈವರು ಇಳಿದು, ಗೋಣಿಯಲ್ಲಿ ಸುತ್ತಿದ ಅಲ್ಯೂಮಿನಿಯಂ ತಗಡುಗಳ ಕಟ್ಟನ್ನು ಜಗಲಿಯ ಮೇಲಿಳಿಸಿದ.

"ಏನಪ್ಪ ಇದು? ಏನಂದ್ರು ಸಾಹೇಬ್ರು?" ಅಂತ ಭಾವ ಕೇಳಿದರು.

"ನಂಗೇನೂ ಗೊತ್ತಿಲ್ಲ ಸಾರ್, ಇಳಿಸಿ ಬಾ ಅಂದ್ರು ಅಷ್ಟೇ. ಇಲ್ಲಿ ಅಜ್ಜಿ ಯಾರು?"

ಅತ್ತೆ ಮುಂದೆ ಬಂದರು. ಅವನು ಅಂಗಿ ಜೇಬಿನಿಂದ ಕಾಗದದಲ್ಲಿ ಸುತ್ತಿದ್ದ ಮರದ ತುಂಡೊಂದನ್ನು ತೆಗೆದು ಅವರ ಕೈಗಿಟ್ಟ. ಕೊಂಬಿನಷ್ಟೇ ಉದ್ದ, ಕೊಂಬಿನಷ್ಟೇ ದಪ್ಪ. ಗಂಟುಗಳಿಲ್ಲ, ನೆಟ್ಟಗೆ, ನುಣ್ಣಗೆ ಉಜ್ಜಿದೆ.

"ನಿಮ್ಮ ಕೊಂಬಿನ ಬದ್ಲು ಇನ್ಮೇಲೆ ಇದನ್ನ ಇಡ್ಬೇಕಂತೆ."

"ನನ್ನ ಕೊಂಬೆಲ್ಲಿ?"

"ಸಾಹೇಬ್ರ ಮೇಜಿನ ಮೇಲೈತೆ."

ಅತ್ತೆಗೆ ಅವಮಾನವಾಗಿತ್ತು. ಮಂಗಳದ್ರವ್ಯದ ಜಾಗದಲ್ಲಿ ಮರವೇ ಅಂತ ಗೊಣಗುತ್ತ ಒಳಗೆ ಹೋಗಿ, ಅರಿಶಿನ ಕಲಸಿ, ಆ ತುಂಡಿಗೆ ಬಳಿದುಕೊಂಡು ಬಂದು ಭಾವನ ಕೈಗೆ ಕೊಟ್ಟರು. ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತ, ಜಟಕಾದಲ್ಲಿ ಒಂದು ಕಾಲು, ನೆಲದಲ್ಲಿ ಒಂದು ಕಾಲು ಇಟ್ಟುಕೊಂಡು ನಿಂತುಬಿಟ್ಟರು. ಇದು ಒಪ್ಪಿಗೆಯೇ? ಮತ್ತೊಂದು ಪರೀಕ್ಷೆಯೇ? ಯಾರಿಗೂ ಗೊತ್ತಿಲ್ಲ. ಜಟಕಾದವನು, "ಹೊರಡೋದಾ, ಇಳಿಯೋದಾ, ಕುದುರೆಗಾದ್ರೂ ಹೇಳಿ" ಅಂದ.

ಆಗ ಸರೋಜಕ್ಕ, ಯಾರನ್ನೂ ಕೇಳದೆ, ಟ್ರಂಕಿನ ಹಿಡಿಗೆ ಕೈಹಾಕಿ ಕೆಳಗಿಳಿಸಿದಳು. ನನಗೆ ಅದನ್ನು ಅಲುಗಿಸಲೂ ಆಗುತ್ತಿರಲಿಲ್ಲ. ಅವಳು ಒಬ್ಬಳೇ ಹೊತ್ತುಕೊಂಡು ಒಳಗೆ ಹೋದಳು.

ಅದಾದ ಮೇಲೆ ಹಿತ್ತಿಲಲ್ಲಿ ದಿನಾ ಕಂಬಿ ಕಿರುಗುಟ್ಟುತ್ತಿತ್ತು. ವ್ಯಾನು ಬರುತ್ತಿತ್ತು, ಪಕ್ಕೆಲುಬು ತುಂಬಿಕೊಂಡು ಹೋಗುತ್ತಿತ್ತು. ರಂಗಪ್ಪನ ಹಸು ಎಲ್ಲಿತ್ತೋ ಅಲ್ಲೇ ಇತ್ತು. ಆ ಪಕ್ಕೆಲುಬುಗಳು ಯಾವ ರೆಕ್ಕೆಯೊಳಗೆ ಹೋದವು, ಆ ರೆಕ್ಕೆ ಹಾರಿತೋ ಇಲ್ಲವೋ, ನಾವು ಯಾರೂ ನೋಡಲಿಲ್ಲ.

ಮುಂದಿನ ವರ್ಷ ಸರೋಜಕ್ಕನ ತಂಗಿಯ ಮದುವೆಗೆ ಅವಳೂ ನಾನೂ ಗೌರಿಬಿದನೂರಿಗೆ ಹೋದೆವು. ಬೀಗರ ಔತಣ ಮುಗಿದ ಮೇಲೆ ಅವಳ ಅಪ್ಪ, "ಎಂಟು ದಿನ ಇದ್ದು ಹೋಗಮ್ಮ" ಅಂದರು. "ಅಲ್ಲಿ ಒತ್ತೋರು ಯಾರಪ್ಪ" ಅಂತ ಹೇಳಿ, ಎಲೆಅಡಿಕೆ ಸೆರಗಿಗೆ ಕಟ್ಟಿಕೊಂಡು ನನ್ನ ಜೊತೆ ಮಧ್ಯಾಹ್ನದ ಬಸ್ಸು ಹತ್ತಿದಳು. ಮಂಚೇನಹಳ್ಳಿಯಲ್ಲಿ ಬಸ್ಸು ನಿಂತಾಗ ಮೇಲೆ ಒಂದು ಸಣ್ಣ ವಿಮಾನ ಗುರ್ರೆನ್ನುತ್ತ ಹೋಯಿತು. ನಾನು ಕಿಟಕಿಯಿಂದ ತಲೆ ಆಚೆ ಹಾಕಿ ನೋಡಿ, "ಅಕ್ಕಾ, ನಮ್ಮದಾ ಅದು?" ಅಂತ ಕೇಳಿದೆ. ಅವಳೂ ನೋಡಿದಳು. ಕೈ ಅಡ್ಡಹಿಡಿದು, ಅದು ಚುಕ್ಕೆಯಾಗಿ ಕರಗುವವರೆಗೂ ನೋಡಿದಳು. ಆಮೇಲೆ ನನ್ನ ಮಡಿಲಿಗೆ ಒಂದು ಬಾಳೆಹಣ್ಣು ಹಾಕಿ, "ತಿನ್ನು, ಇನ್ನೂ ದೂರ ಇದೆ" ಅಂದಳು.